ಲೆಕ್ಕದ ಜಗಲಿ: ಅಜ್ಜನ 93 ಲೆಕ್ಕ, ಮೊಮ್ಮಗಳ ಒಂದೇ ಪ್ರಶ್ನೆ

ಹೋದ ವಾರದ ಪ್ರಶ್ನೆ ನೆನಪಿದೆಯಲ್ಲ? 3ಕ್ಕಿಂತ ದೊಡ್ಡದಾದ ಯಾವುದಾದರೂ ಒಂದು ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು 24ರಿಂದ ಭಾಗಿಸಿ. ಶೇಷ ಎಷ್ಟು ಉಳಿಯುತ್ತದೆ? ಏಕೆ?

ಎಷ್ಟು ಎಂಬುದರಲ್ಲಿ ಯಾರಿಗೂ ಜಗಳವಿಲ್ಲ. ಬಂದ ಪತ್ರಗಳೆಲ್ಲ ಶೇಷ 1 ಎಂದೇ ಹೇಳಿವೆ. ಐದೈದಲಿ ಇಪ್ಪತ್ತೈದು, ಅದರಲ್ಲಿ 24 ತೆಗೆದರೆ 1. ಏಳೇಳಲಿ ನಲವತ್ತೊಂಬತ್ತು, ಎರಡು 24 ಅಂದರೆ 48, ಉಳಿದದ್ದು 1. ಹನ್ನೊಂದು ಹನ್ನೊಂದಲಿ 121. ಐದು 24 ಅಂದರೆ 120, ಮತ್ತೆ 1. ಆದರೆ "ಏಕೆ" ಎಂಬಲ್ಲಿಗೆ ಬಂದಾಗ ಹೆಚ್ಚಿನ ಪತ್ರಗಳು ಸುಮ್ಮನಾಗಿವೆ. ಕೆಲವರು "ಅದು ಹಾಗೇ ಬರುತ್ತದೆ" ಎಂದು ಬರೆದು ಕೆಳಗೆ ಸಹಿ ಹಾಕಿದ್ದಾರೆ!

ಒಂದು ಲಕೋಟೆ ಮಾತ್ರ ಕೈಗೆತ್ತಿಕೊಂಡಾಗಲೇ ದಪ್ಪಗಿತ್ತು. ಒಳಗೆ ಎರಡು ಪತ್ರ. ಒಂದು ಅಜ್ಜನವರದು, ಇನ್ನೊಂದು ಏಳನೇ ತರಗತಿಯ ಅವರ ಮೊಮ್ಮಗಳದು. ಅಜ್ಜ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಹಳೆಯ ಡೈರಿಯ ಹಾಳೆಗಳಲ್ಲಿ 5ರಿಂದ ಹಿಡಿದು 499ರವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳನ್ನೂ ಸಾಲಾಗಿ ಬರೆದು, ಗುಣಿಸಿ, ಭಾಗಿಸಿ, ಪ್ರತಿ ಸಾಲಿನ ಕೊನೆಗೆ "ಶೇಷ 1" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಒಟ್ಟು 93 ಲೆಕ್ಕ. ನಾನೂ ಕೂತು ಪರಿಶೀಲಿಸಿದೆ. ಒಂದೂ ತಪ್ಪಿಲ್ಲ. ಬಹಳ ಜನ ಅವಿಭಾಜ್ಯವೆಂದು ತಿಳಿದು ಸೇರಿಸಿಬಿಡುವ 91 ಕೂಡ ಆ ಪಟ್ಟಿಯಲ್ಲಿಲ್ಲ. (ಅದು ಏಳು ಹದಿಮೂರಲಿ ತೊಂಬತ್ತೊಂದು.) ಪತ್ರದ ಕೊನೆಯಲ್ಲಿ ಅವರ ಮಾತು ಇಷ್ಟೇ: "93ಕ್ಕೆ 93 ಸರಿ ಬಂದಿದೆ. ಇನ್ನೇನು ಬೇಕು?"

ಮೊಮ್ಮಗಳು ಬರೆದದ್ದು ಅರ್ಧ ಪುಟ. "ಅಜ್ಜ 499ಕ್ಕೆ ನಿಲ್ಲಿಸಿದರು. ಮುಂದಿನದು 503, ಅದಕ್ಕೆ ಬೇರೆ ಶೇಷ ಬಂದರೆ ಏನು ಮಾಡುವುದು ಅಂತ ಕೇಳಿದೆ. ಅದನ್ನೂ ಮಾಡಿ ತೋರಿಸಿದರು, 1 ಬಂತು. ಹಾಗಾದರೆ 509 ಅಂದೆ. ಈಗ ಅಜ್ಜನಿಗೆ ನನ್ನ ಮೇಲೆ ಕೋಪ. ಸೋತವರು ಒಂದು ವಾರ ಬೆಳಿಗ್ಗೆ ಹಾಲು ತರಬೇಕು ಅಂತ ಪಂದ್ಯ ಆಗಿದೆ. ಯಾರು ಸರಿ, ಹೇಳಿ."

ಪಂದ್ಯದ ತೀರ್ಪು ಆಮೇಲೆ. ಮೊದಲು, ಈ ವಾರವಷ್ಟೇ ಜಗಲಿಗೆ ಬಂದು ಕೂತವರಿಗೆ ಎರಡು ಮಾತು. 1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯೂ ಶೇಷವಿಲ್ಲದೆ ಭಾಗಿಸಲಾರದ ಸಂಖ್ಯೆ ಅವಿಭಾಜ್ಯ ಸಂಖ್ಯೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಪ್ರೈಮ್ ನಂಬರ್ ಎನ್ನುವುದು ಇದನ್ನೇ. 2, 3, 5, 7, 11, 13 ಹೀಗೆ ಸಾಗುತ್ತದೆ. 1 ಈ ಪಂಕ್ತಿಗೆ ಸೇರುವುದಿಲ್ಲ. ಇನ್ನು ಶೇಷ ಎಂದರೆ ಹಂಚಿದ ಮೇಲೆ ಉಳಿದದ್ದು. 17 ಚಕ್ಕುಲಿಯನ್ನು ಐದು ಮಕ್ಕಳಿಗೆ ಸಮನಾಗಿ ಹಂಚಿದರೆ ತಲೆಗೆ ಮೂರು, ಡಬ್ಬಿಯಲ್ಲಿ ಉಳಿಯುವುದು ಎರಡು. ಆ ಎರಡೇ ಶೇಷ.

ಈಗ ಅಜ್ಜನವರ "ಇನ್ನೇನು ಬೇಕು" ಎಂಬ ಮಾತಿಗೆ ಬರೋಣ. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಬಾಳಿನಲ್ಲಿ ನಾವೆಲ್ಲ ಹೀಗೆಯೇ ನಡೆಯುತ್ತೇವೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದೆರಡು ಅಗುಳು ಹಿಸುಕುತ್ತೇವೆ, ಇಡೀ ಪಾತ್ರೆಯನ್ನಲ್ಲ. ಆದರೆ ಒಂದೇ ಪಾತ್ರೆಯ ಅಕ್ಕಿ ಒಂದೇ ಬೆಂಕಿಯಲ್ಲಿ ಬೇಯುತ್ತದೆ, ಆದ್ದರಿಂದ ಅಗುಳಿನ ಮಾತನ್ನು ನಂಬಬಹುದು. ಸಂಖ್ಯೆಗಳು ಹಾಗಲ್ಲ. ಅವು ಬಹಳ ದೂರ ನಮ್ಮ ಜೊತೆ ಒಳ್ಳೆಯ ಮಕ್ಕಳಂತೆ ನಡೆದು ಬಂದು, ಒಂದು ತಿರುವಿನಲ್ಲಿ ಕೈಕೊಡುವುದುಂಟು.

ಒಂದು ಉದಾಹರಣೆಯನ್ನು ನೀವೇ ಮಾಡಿ ನೋಡಿ. ಒಂದು ಸಂಖ್ಯೆಯನ್ನು ಅದರ ಹಿಂದಿನ ಸಂಖ್ಯೆಯಿಂದ ಗುಣಿಸಿ, 41 ಕೂಡಿಸಿ. 2ನ್ನು 1ರಿಂದ ಗುಣಿಸಿದರೆ 2, 41 ಕೂಡಿಸಿದರೆ 43. ಅವಿಭಾಜ್ಯ. ಮೂರೆರಡಲಿ ಆರು, 47. ಅವಿಭಾಜ್ಯ. ನಾಲ್ಕು ಮೂರಲಿ ಹನ್ನೆರಡು, 53. ಅದೂ ಅವಿಭಾಜ್ಯ. ಮುಂದೆ 61, 71, 83, 97. ಎಲ್ಲವೂ ಅವಿಭಾಜ್ಯ! ಹತ್ತರವರೆಗೆ ಮಾಡಿ, ಇಪ್ಪತ್ತರವರೆಗೆ ಮಾಡಿ, ಮೂವತ್ತರವರೆಗೆ ಮಾಡಿ, ತಪ್ಪುವುದೇ ಇಲ್ಲ. 40ನ್ನು 39ರಿಂದ ಗುಣಿಸಿ 41 ಕೂಡಿಸಿದರೆ 1601, ಅದೂ ಅವಿಭಾಜ್ಯ. ನಲವತ್ತು ಸಲ ಸತತವಾಗಿ ಸರಿ ಬಂದದ್ದು ಇನ್ನು ತಪ್ಪೀತೇ ಎನಿಸುತ್ತದೆ. ಈಗ 41ನ್ನು ತೆಗೆದುಕೊಳ್ಳಿ. 41ನ್ನು 40ರಿಂದ ಗುಣಿಸಿ ಮತ್ತೊಂದು 41 ಕೂಡಿಸಿದರೆ ಆಗುವುದು ನಲವತ್ತೊಂದು 41, ಅಂದರೆ 1681. ಅದು 41ರಿಂದ ಸಲೀಸಾಗಿ ಭಾಗವಾಗುತ್ತದೆ. ಸರಪಳಿ ಅಲ್ಲಿಗೆ ಕಡಿಯಿತು.

ಈ ಸರಪಳಿಯನ್ನು 1772ರಲ್ಲಿ ತೋರಿಸಿದವರು ಲಿಯೊನಾರ್ಡ್ ಆಯ್ಲರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲೆಸಿದ್ದ ಗಣಿತಜ್ಞ. ಆಗ ಅವರಿಗೆ 65ರ ವಯಸ್ಸು, ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಬೇರೆಯವರ ಕೈಯಲ್ಲಿ ಬರೆಸುತ್ತಿದ್ದರು. ಕನ್ನಡಕ ಸಿಗದಿದ್ದರೆ ಪೇಪರನ್ನೇ ಬದಿಗಿಡುವ ನಮ್ಮಂಥವರು ಇದನ್ನು ಸ್ವಲ್ಪ ಯೋಚಿಸಬೇಕು.

ಇದೇ ಆಯ್ಲರ್ ಹರೆಯದಲ್ಲಿ ಇನ್ನೊಂದು ನಂಬಿಕೆಯನ್ನು ಮುರಿದಿದ್ದರು. ಅವರಿಗಿಂತ ಸುಮಾರು ನೂರು ವರ್ಷ ಹಿಂದೆ ಫ್ರಾನ್ಸಿನಲ್ಲಿ ಫರ್ಮಾ ಎಂಬ ಮಹಾ ಬುದ್ಧಿವಂತರಿದ್ದರು. 2ರಿಂದ ಹೊರಟು ವರ್ಗ ಮಾಡುತ್ತಾ ಹೋದರೆ 2, 4, 16, 256, 65536 ಸಿಗುತ್ತವೆ. ಒಂದೊಂದಕ್ಕೂ 1 ಕೂಡಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ. ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಇರಬೇಕು ಎಂದು ಫರ್ಮಾ ನಂಬಿದರು. ಆರನೆಯದು 4294967297. ಅದು 641ರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಎಂದು 1732ರಲ್ಲಿ ಆಯ್ಲರ್ ತೋರಿಸಿದರು. ಭಾಗಲಬ್ಧ 6700417. ಗುಣಿಸಿ ನೋಡುವ ಉತ್ಸಾಹವಿದ್ದವರು ನೋಡಬಹುದು, ಭಾನುವಾರ ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ.

ಆದ್ದರಿಂದ 503 ಏನಾಗುತ್ತದೆ ಎಂದು ಕೇಳಿದ ಹುಡುಗಿ ತಲೆಹರಟೆ ಮಾಡಿದ್ದಲ್ಲ. ಕೇಳಬೇಕಾದದ್ದನ್ನೇ ಕೇಳಿದ್ದಾಳೆ. 503 ಮಾಡಿ ತೋರಿಸಿದರೆ 509 ಇದೆ, ಅದನ್ನು ಮಾಡಿದರೆ 521 ಇದೆ. ಒಂದೊಂದನ್ನೇ ಹಿಡಿದು ಹೊರಟರೆ ಈ ಜಗಳ ಮುಗಿಯುವುದಿಲ್ಲ. ಎಲ್ಲ ಸಂಖ್ಯೆಗಳನ್ನೂ ಒಂದೇ ಸಲ ಹಿಡಿಯುವ ಬಲೆ ಬೇಕು.

ಆ ಬಲೆಯೇ ಶೇಷ. ಊರಿನಲ್ಲಿ ಎಷ್ಟೇ ಸಾವಿರ ಜನ ಇರಲಿ, ಅವರು ಹುಟ್ಟಿದ ವಾರ ಕೇಳಿದರೆ ಉತ್ತರ ಏಳರಲ್ಲಿ ಒಂದು. ಎಂಟನೆಯ ವಾರ ಯಾರಿಗೂ ಇಲ್ಲ. ಹಾಗೆಯೇ ಸಂಖ್ಯೆ ಎಷ್ಟೇ ದೊಡ್ಡದಿರಲಿ, 3ರಿಂದ ಭಾಗಿಸಿದರೆ ಶೇಷ 0, 1 ಅಥವಾ 2. ನಾಲ್ಕನೆಯ ದಾರಿಯೇ ಇಲ್ಲ. ಲೆಕ್ಕವಿಲ್ಲದಷ್ಟು ಸಂಖ್ಯೆಗಳು ಮೂರೇ ಕೋಣೆಗಳಲ್ಲಿ ಕೂತುಬಿಟ್ಟವು. ಮೂರು ಕೋಣೆಗಳನ್ನು ನೋಡಿ ಮುಗಿಸಿದರೆ ಎಲ್ಲ ಸಂಖ್ಯೆಗಳನ್ನೂ ನೋಡಿ ಮುಗಿಸಿದಂತೆ.

ಶೇಷವನ್ನು ಹಿಡಿದು ಲೆಕ್ಕ ಬಿಡಿಸುವ ಹವ್ಯಾಸ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಇಂಥ ಲೆಕ್ಕಗಳು ಬಹಳ ಇವೆ. ಅದರಲ್ಲೊಂದು ಬಾಳೆಹಣ್ಣಿನದು: ಒಂದೇ ಅಳತೆಯ 63 ರಾಶಿ ಬಾಳೆಹಣ್ಣು, ಜೊತೆಗೆ ಬಿಡಿಯಾಗಿ 7 ಹಣ್ಣು, ಇಷ್ಟನ್ನೂ 23 ದಾರಿಹೋಕರು ಶೇಷವಿಲ್ಲದೆ ಸಮನಾಗಿ ಹಂಚಿಕೊಂಡರು. ರಾಶಿಗೆ ಎಷ್ಟು ಹಣ್ಣು? ರಾಶಿಗೆ ಐದು ಎಂದಿಟ್ಟುಕೊಂಡರೆ ಒಟ್ಟು 322 ಹಣ್ಣು, ತಲೆಗೆ 14. ಐದಕ್ಕಿಂತ ಕಡಿಮೆ ಇಟ್ಟು ನೋಡಿ, ಏನಾದರೂ ಶೇಷ ಉಳಿದೇ ಉಳಿಯುತ್ತದೆ.

ಇರಲಿ, 24ಕ್ಕೆ ಮರಳೋಣ. ಮಕ್ಕಳೇ, ಅಡುಗೆಮನೆಯಿಂದ ಒಂದು ಹಿಡಿ ಹುಣಸೆ ಬೀಜ ತನ್ನಿ. ಚೌಕಾಬಾರಕ್ಕೆ ಕೂಡಿಟ್ಟದ್ದಿದ್ದರೆ ಅದೇ ಸಾಕು. ಏಳು ಸಾಲು, ಸಾಲಿಗೆ ಏಳರಂತೆ ಜೋಡಿಸಿ. 49 ಬೀಜಗಳ ಚೌಕ ಆಯಿತು. ಈಗ ಕೊನೆಯ ಸಾಲಿನಿಂದ ಒಂದು ಬೀಜವನ್ನು ತೆಗೆದು ಅಜ್ಜಿಯ ಕೈಯಲ್ಲಿಡಿ. ಆ ಸಾಲಿನಲ್ಲಿ ಆರು ಉಳಿದವು. ಆ ಆರನ್ನೂ ಎತ್ತಿ, ಮೇಲಿನ ಆರು ಸಾಲುಗಳ ತುದಿಗೆ ಒಂದೊಂದು ಇಡಿ. ಏನಾಯಿತು? ಆರು ಸಾಲು, ಸಾಲಿಗೆ ಎಂಟು. ಒಂದೂ ಕಡಿಮೆಯಿಲ್ಲ, ಒಂದೂ ಹೆಚ್ಚಿಲ್ಲ. 7ರ ವರ್ಗದಲ್ಲಿ ಒಂದು ಕಳೆದರೆ ಅದು ಆರೆಂಟಲಿ ನಲವತ್ತೆಂಟು.

ಏಳರ ಬದಲು ಹನ್ನೊಂದು ಸಾಲು ಇಟ್ಟರೂ ಹೀಗೆಯೇ: ಒಂದು ಬೀಜ ತೆಗೆದರೆ ಉಳಿದದ್ದು ಹತ್ತು ಸಾಲು, ಸಾಲಿಗೆ ಹನ್ನೆರಡು. ಯಾವ ಚೌಕವಾದರೂ ಸರಿ, ಒಂದು ತೆಗೆದರೆ ಅದು ಹಿಂದಿನ ಸಂಖ್ಯೆ ಮತ್ತು ಮುಂದಿನ ಸಂಖ್ಯೆಗಳ ಗುಣಲಬ್ಧ. ಬೀಜಗಣಿತ ಕಲಿತ ದೊಡ್ಡ ಮಕ್ಕಳು ಇದನ್ನು ಎರಡು ಅಕ್ಷರಗಳಲ್ಲಿ ಬರೆದುಬಿಡುತ್ತಾರೆ. ನನಗೆ ಬೀಜದ ಲೆಕ್ಕವೇ ಇಷ್ಟ.

ಹಾಗಾದರೆ ನಮ್ಮ ಪ್ರಶ್ನೆ ಬೇರೆ ರೂಪ ತಾಳಿತು. ವರ್ಗವನ್ನು 24ರಿಂದ ಭಾಗಿಸಿದರೆ 1 ಉಳಿಯುತ್ತದೆ ಎನ್ನುವುದೂ, ಅವಿಭಾಜ್ಯ ಸಂಖ್ಯೆಯ ಎಡಗಡೆ ನೆರೆ ಮತ್ತು ಬಲಗಡೆ ನೆರೆಗಳನ್ನು ಗುಣಿಸಿದರೆ 24ರಿಂದ ಪೂರ್ತಿ ಭಾಗವಾಗುತ್ತದೆ ಎನ್ನುವುದೂ ಒಂದೇ ಮಾತು. 11ರ ನೆರೆ 10 ಮತ್ತು 12, 13ರ ನೆರೆ 12 ಮತ್ತು 14, 17ರ ನೆರೆ 16 ಮತ್ತು 18. ಈ ನೆರೆಹೊರೆಯವರ ಸ್ವಭಾವ ವಿಚಾರಿಸೋಣ.

ಮೊದಲು 3ರಿಂದ ಭಾಗಿಸೋಣ. ನಮ್ಮ ಅವಿಭಾಜ್ಯ ಸಂಖ್ಯೆ 3ಕ್ಕಿಂತ ದೊಡ್ಡದು, ಹಾಗಾಗಿ ಅದನ್ನು 3ರಿಂದ ಭಾಗಿಸಿದರೆ ಶೇಷ 0 ಬರಲಾರದು. ಬಂದರೆ ಅದು ಅವಿಭಾಜ್ಯವೇ ಅಲ್ಲ. ಉಳಿದದ್ದು ಎರಡು ಕೋಣೆ. ಶೇಷ 1 ಆದರೆ, ಒಂದು ಹೆಜ್ಜೆ ಹಿಂದಿಟ್ಟಾಗ ಶೇಷ 0, ಅಂದರೆ ಎಡಗಡೆ ನೆರೆ 3ರಿಂದ ಭಾಗವಾಗುತ್ತದೆ. ಶೇಷ 2 ಆದರೆ, ಒಂದು ಹೆಜ್ಜೆ ಮುಂದಿಟ್ಟಾಗ ಮೂರು ತುಂಬುತ್ತದೆ, ಅಂದರೆ ಬಲಗಡೆ ನೆರೆ ಭಾಗವಾಗುತ್ತದೆ. ಯಾವ ಕೋಣೆಯಲ್ಲಿದ್ದರೂ ನೆರೆಯವರಲ್ಲಿ ಒಬ್ಬರು 3ರ ಮಗ್ಗಿಯವರು.

ಇನ್ನು 2. ಅವಿಭಾಜ್ಯ ಸಂಖ್ಯೆ 3ಕ್ಕಿಂತ ದೊಡ್ಡದಾದರೆ ಅದು ಬೆಸ ಸಂಖ್ಯೆಯೇ. ಹಾಗಾದರೆ ಎರಡು ನೆರೆಗಳೂ ಸಮ ಸಂಖ್ಯೆಗಳು, ಅದೂ ಒಂದರ ನಂತರ ಒಂದು ಬರುವ ಸಮ ಸಂಖ್ಯೆಗಳು. ಸಮ ಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 2. ಎಡಗಡೆಯದಕ್ಕೆ ಶೇಷ 2 ಬಂದರೆ, ಅದಕ್ಕೆ 2 ಕೂಡಿಸಿದ ಬಲಗಡೆಯದಕ್ಕೆ ಶೇಷ 0. ಎಡಗಡೆಯದಕ್ಕೇ 0 ಬಂದರೆ ಮಾತೇ ಇಲ್ಲ. ಅಂದರೆ ಇಬ್ಬರಲ್ಲಿ ಒಬ್ಬರು 4ರ ಮಗ್ಗಿಯವರು, ಇನ್ನೊಬ್ಬರು ಕನಿಷ್ಠ 2ರ ಮಗ್ಗಿಯವರು. ಗುಣಿಸಿದಾಗ ಎರಡು ನಾಲ್ಕಲಿ ಎಂಟು. ಗುಣಲಬ್ಧ 8ರಿಂದ ಭಾಗವಾಗಲೇಬೇಕು.

ಗುಣಲಬ್ಧ 3ರಿಂದಲೂ ಭಾಗವಾಗುತ್ತದೆ, 8ರಿಂದಲೂ ಭಾಗವಾಗುತ್ತದೆ. ಹಾಗಾದರೆ 24ರಿಂದಲೂ ಭಾಗವಾಗುತ್ತದೆಯೇ? ಇಲ್ಲಿ ಅವಸರ ಬೇಡ. 12 ಎಂಬುದು 4ರಿಂದಲೂ ಭಾಗವಾಗುತ್ತದೆ, 6ರಿಂದಲೂ ಭಾಗವಾಗುತ್ತದೆ, ಆದರೆ 24ರಿಂದ ಭಾಗವಾಗುವುದಿಲ್ಲ. ನಮ್ಮ ವಿಷಯದಲ್ಲಿ 8ರ ಮಗ್ಗಿ ಹೇಳಿ, ಒಂದೊಂದನ್ನೂ 3ರಿಂದ ಭಾಗಿಸಿ ಶೇಷ ಬರೆಯಿರಿ. 8ಕ್ಕೆ 2, 16ಕ್ಕೆ 1, 24ಕ್ಕೆ 0, 32ಕ್ಕೆ 2, 40ಕ್ಕೆ 1, 48ಕ್ಕೆ 0. ಎರಡು, ಒಂದು, ಸೊನ್ನೆ ಎಂದು ತಿರುಗುತ್ತಲೇ ಇರುತ್ತದೆ, ಏಕೆಂದರೆ ಪ್ರತಿ ಸಲ 8 ಕೂಡಿಸಿದಾಗ ಶೇಷಕ್ಕೆ 2 ಕೂಡುತ್ತದೆ. 3 ತುಂಬಿದರೆ ಅದು ಬಿದ್ದುಹೋಗುತ್ತದೆ. ಸೊನ್ನೆ ಬೀಳುವುದು 24, 48, 72ರಲ್ಲಿ, ಅಂದರೆ 24ರ ಮಗ್ಗಿಯಲ್ಲಿ ಮಾತ್ರ. ಸಂದೇಹ ತೀರಿತು.

ಅಜ್ಜನವರ ಕೊನೆಯ ಸಾಲನ್ನೇ ತೆಗೆದುಕೊಳ್ಳಿ. 499ರ ವರ್ಗ 249001. ಅವರು ಅದನ್ನು 24ರಿಂದ ಭಾಗಿಸಿ ಭಾಗಲಬ್ಧ 10375 ಎಂದು ಬರೆದಿದ್ದಾರೆ. ನಾವು ಬೇರೆ ದಾರಿಯಲ್ಲಿ ಹೋಗೋಣ. ನೆರೆಯವರು 498 ಮತ್ತು 500. 498ರಲ್ಲಿ 6 ಎಂಬುದು 83 ಸಲ ಇದೆ. 500ರಲ್ಲಿ 4 ಎಂಬುದು 125 ಸಲ ಇದೆ. 83ನ್ನು 125ರಿಂದ ಗುಣಿಸಿದರೆ 10375. ದೊಡ್ಡ ವರ್ಗ ಮಾಡದೆಯೇ ಅದೇ ಉತ್ತರ ಬಂತು.

2024ರ ಅಕ್ಟೋಬರಿನಲ್ಲಿ ಒಂದು ಅವಿಭಾಜ್ಯ ಸಂಖ್ಯೆ ಪತ್ತೆಯಾಯಿತು. ಅದರಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೆ ಒಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು ಬರೆದರೂ ಒಂದು ವರ್ಷ ಮೂರು ತಿಂಗಳಿಗಿಂತ ಹೆಚ್ಚು ಬೇಕು. ಅದರ ವರ್ಗವನ್ನು 24ರಿಂದ ಭಾಗಿಸಿದರೆ ಶೇಷ ಎಷ್ಟು? 1. ಪೆನ್ಸಿಲ್ ಎತ್ತದೆ ಹೇಳಿದೆವು, ಬೇಕಾದರೆ ಏಳನೇ ತರಗತಿಯ ಹುಡುಗಿ ಆಣೆ ಮಾಡಿ ಹೇಳಬಹುದು.

ಇನ್ನೊಂದು ಪತ್ರಕ್ಕೂ ಇಲ್ಲಿ ಉತ್ತರ ಕೊಡಬೇಕು. "ಹಾಗಾದರೆ ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಎಂದು ತಿಳಿಯಲು ಇದನ್ನೇ ಪರೀಕ್ಷೆಯಾಗಿ ಬಳಸಬಹುದಲ್ಲವೇ? ನನ್ನ ವಯಸ್ಸು 65. ವರ್ಗ ಮಾಡಿ 24ರಿಂದ ಭಾಗಿಸಿದೆ, ಶೇಷ 1 ಬಂತು" ಎಂದು ಅಜ್ಜಿಯೊಬ್ಬರು ಕೇಳಿದ್ದಾರೆ. ಲೆಕ್ಕ ಸರಿ: 65ರ ವರ್ಗ 4225, ಅದರಲ್ಲಿ 24 ಎಂಬುದು 176 ಸಲ ಹೋಗಿ 1 ಉಳಿಯುತ್ತದೆ. ಆದರೆ 65 ಅವಿಭಾಜ್ಯವಲ್ಲ, ಐದು ಹದಿಮೂರಲಿ ಅರವತ್ತೈದು. ಮಾವಿನ ಮರಕ್ಕೆ ಹಸಿರೆಲೆ ಇದೆ ಎಂದ ಮಾತ್ರಕ್ಕೆ ಹಸಿರೆಲೆಯ ಮರಗಳೆಲ್ಲ ಮಾವಲ್ಲವಲ್ಲ, ಹಾಗೆ. ಮೇಲಿನ ವಾದವನ್ನು ಮತ್ತೊಮ್ಮೆ ಓದಿ. ಅಲ್ಲಿ ನಾವು ಬಳಸಿದ್ದು ಎರಡೇ ವಿಷಯ: ಸಂಖ್ಯೆ 2ರಿಂದ ಭಾಗವಾಗುವುದಿಲ್ಲ, 3ರಿಂದ ಭಾಗವಾಗುವುದಿಲ್ಲ. 5ರ, 7ರ ಮಾತನ್ನೇ ಎತ್ತಲಿಲ್ಲ. ಆದ್ದರಿಂದ 25, 35, 49, 65, 77 ಇವೆಲ್ಲ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತವೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಸಾಲಿಗೆ ಆರರಂತೆ 1ರಿಂದ 96ರವರೆಗೆ ಬರೆಯಿರಿ. 1ರ ಕೆಳಗೆ 7, ಅದರ ಕೆಳಗೆ 13. ಆಮೇಲೆ ಅವಿಭಾಜ್ಯ ಸಂಖ್ಯೆಗಳಿಗೆ ಕುಂಕುಮದ ಬೊಟ್ಟಿಡಿ. ಮೊದಲ ಸಾಲಿನ 2 ಮತ್ತು 3 ಬಿಟ್ಟರೆ, ಬೊಟ್ಟೆಲ್ಲ ಮೊದಲನೇ ಮತ್ತು ಐದನೇ ಕಂಬಸಾಲಿನಲ್ಲೇ ಬೀಳುತ್ತದೆ. ಎರಡು, ನಾಲ್ಕು, ಆರನೇ ಕಂಬಸಾಲು ಪೂರ್ತಿ ಸಮ ಸಂಖ್ಯೆಗಳು. ಮೂರನೆಯದು 3ರ ಮಗ್ಗಿ. ಅಲ್ಲಿ ಯಾರೂ ಬರುವಂತಿಲ್ಲ. ಆದರೆ ಒಂದು ಮತ್ತು ಐದನೇ ಸಾಲಿನವರೆಲ್ಲ ಬೊಟ್ಟು ಪಡೆದವರಲ್ಲ. 60 ಮತ್ತು 90ರ ನಡುವೆ ಆ ಎರಡು ಕಂಬಸಾಲುಗಳಲ್ಲಿ ಇರುವವರು 61, 65, 67, 71, 73, 77, 79, 83, 85, 89. ಇವರಲ್ಲಿ 65, 77, 85 ಮೂವರು ಬೊಟ್ಟಿಲ್ಲದವರು. ನಿಮ್ಮ ಮನೆಯ ಹಿರಿಯರ ವಯಸ್ಸು ಎಲ್ಲಿದೆ ನೋಡಿ.

ಈಗ ಪಂದ್ಯ. ಪ್ರಶ್ನೆ ಕೇಳಿದ್ದು ಮೊಮ್ಮಗಳು, ಆ ಪ್ರಶ್ನೆ ನಿಜವಾದದ್ದು, ಆದ್ದರಿಂದ ಒಂದು ವಾರದ ಹಾಲು ಅಜ್ಜನವರ ಪಾಲಿಗೆ. ಆದರೆ ಮಗೂ, 93 ಲೆಕ್ಕಗಳು ವ್ಯರ್ಥ ಎಂದು ತಿಳಿಯಬೇಡ. ಶೇಷ ಯಾವಾಗಲೂ 1 ಎಂಬ ಗುಮಾನಿ ಹುಟ್ಟುವುದೇ ಅಂಥ ಸಾಲುಗಳಿಂದ. ಲೆಕ್ಕ ಮಾಡಿ ನೋಡದವರಿಗೆ ಏನನ್ನು ಸಾಧಿಸಬೇಕು ಎಂಬುದೇ ತಿಳಿಯುವುದಿಲ್ಲ. ನನ್ನ ಕೈಯಲ್ಲಿ ತೀರ್ಪಿದ್ದರೆ ಅಜ್ಜ ಹಾಲು ತರಲಿ, ಕಾಫಿ ನೀನು ಮಾಡಿಕೊಡು.

ಅಜ್ಜನವರ ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. "ಅವಿಭಾಜ್ಯ ಸಂಖ್ಯೆಗಳು ಮುಗಿಯುವವರೆಗೂ ಮಾಡಿ ತೋರಿಸುತ್ತೇನೆ, ನಿವೃತ್ತನಿಗೆ ಸಮಯಕ್ಕೇನು ಬರ." ಇದು ನಗೆಮಾತಾದರೂ ಒಳಗೊಂದು ಒಳ್ಳೆಯ ಪ್ರಶ್ನೆ ಅಡಗಿದೆ. ಅವು ಮುಗಿಯುತ್ತವೆಯೇ? ಮುಗಿಯುವುದಾದರೆ ಅಜ್ಜನವರ ದಾರಿಯೂ ಗುರಿ ಮುಟ್ಟುತ್ತದೆ, ತಡವಾಗಬಹುದು ಅಷ್ಟೆ. ಸಂಖ್ಯೆಗಳು ದೊಡ್ಡದಾದಂತೆ ಅವಿಭಾಜ್ಯಗಳು ವಿರಳವಾಗುತ್ತಾ ಹೋಗುವುದೂ ನಿಜ. 100ರೊಳಗೆ 25 ಇದ್ದರೆ, 400ರಿಂದ 500ರ ನಡುವೆ 17 ಮಾತ್ರ.

ಸುಮಾರು 2300 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ, ಅಲ್ಲಿಯೂ ಕೆಲಸ ಮಾಡುವುದು ಶೇಷವೇ. 2, 3, 5 ಇಷ್ಟೇ ಅವಿಭಾಜ್ಯಗಳು ಎಂದು ಒಬ್ಬರು ಹಟ ಹಿಡಿದರು ಎನ್ನಿ. ಮೂರನ್ನೂ ಗುಣಿಸಿ: 30. ಒಂದು ಕೂಡಿಸಿ: 31. ಈಗ 31ನ್ನು 2ರಿಂದ ಭಾಗಿಸಿದರೆ ಶೇಷ 1, 3ರಿಂದ ಭಾಗಿಸಿದರೂ 1, 5ರಿಂದ ಭಾಗಿಸಿದರೂ 1. ಪಟ್ಟಿಯಲ್ಲಿರುವ ಯಾರಿಂದಲೂ ಅದು ಭಾಗವಾಗುವುದಿಲ್ಲ. ಹಟ ಹಿಡಿದವರ ಪಟ್ಟಿ ಎಷ್ಟೇ ಉದ್ದವಿರಲಿ, ಎಲ್ಲವನ್ನೂ ಗುಣಿಸಿ ಒಂದು ಕೂಡಿಸಿದರೆ ಇದೇ ಕಥೆ: ಪಟ್ಟಿಯ ಪ್ರತಿಯೊಬ್ಬರೂ 1ನ್ನು ಉಳಿಸುತ್ತಾರೆ.

ಆದರೆ ಯಾವ ಸಂಖ್ಯೆಗಾದರೂ 1 ಬಿಟ್ಟು ಅತಿ ಚಿಕ್ಕ ಭಾಜಕ ಒಂದಿರುತ್ತದೆ. ಆ ಭಾಜಕ ಅವಿಭಾಜ್ಯವೇ ಆಗಿರಬೇಕು. ಅಲ್ಲದಿದ್ದರೆ ಅದನ್ನೇ ಭಾಗಿಸುವ ಇನ್ನೂ ಚಿಕ್ಕದೊಂದು ಇರುತ್ತಿತ್ತು, ಅದು ದೊಡ್ಡ ಸಂಖ್ಯೆಯನ್ನೂ ಭಾಗಿಸುತ್ತಿತ್ತು. ಹೀಗಾಗಿ ಪಟ್ಟಿಯ ಹೊರಗೆ ಒಂದು ಅವಿಭಾಜ್ಯ ಸಂಖ್ಯೆ ಸಿಕ್ಕೇ ಸಿಗುತ್ತದೆ. ಅದನ್ನು ಪಟ್ಟಿಗೆ ಸೇರಿಸಿದರೆ ಮತ್ತೊಂದು ಹೊರಗೆ ನಿಂತಿರುತ್ತದೆ.

ಗುಣಿಸಿ ಒಂದು ಕೂಡಿಸಿದ ಸಂಖ್ಯೆಯೇ ಅವಿಭಾಜ್ಯ ಎಂದು ಮಾತ್ರ ತಿಳಿಯಬೇಡಿ. ಕೆಲವು ಪುಸ್ತಕಗಳೂ ಇದನ್ನು ಅವಸರದಲ್ಲಿ ಹಾಗೆ ಹೇಳಿಬಿಡುತ್ತವೆ. 2, 3, 5, 7, 11, 13 ಇವನ್ನು ಗುಣಿಸಿದರೆ 30030. ಒಂದು ಕೂಡಿಸಿದರೆ 30031. ಅದು 59ನ್ನು 509ರಿಂದ ಗುಣಿಸಿದರೆ ಬರುವ ಸಂಖ್ಯೆ. ಆದರೆ 59 ಆಗಲಿ 509 ಆಗಲಿ ನಮ್ಮ ಪಟ್ಟಿಯಲ್ಲಿರಲಿಲ್ಲ ಎಂಬುದನ್ನು ಗಮನಿಸಿ. ಯೂಕ್ಲಿಡ್ ಹೇಳಿದ್ದು ಅಷ್ಟನ್ನೇ. ಅಂದಹಾಗೆ, ಆ ಹುಡುಗಿ ಅಜ್ಜನಿಗೆ ಎಸೆದ ಕೊನೆಯ ಸವಾಲು 509 ಇಲ್ಲಿ ಬಂದು ಕೂತಿದೆ!

ಈ ವಾರದ ಪ್ರಶ್ನೆ. 3, 5, 7 ಮೂರೂ ಅವಿಭಾಜ್ಯ ಸಂಖ್ಯೆಗಳು, ಒಂದಕ್ಕೊಂದು ಎರಡರ ಅಂತರ. ಇಬ್ಬಿಬ್ಬರು ಹೀಗೆ ಜೊತೆಯಾಗಿ ನಿಲ್ಲುವುದು ಬೇಕಾದಷ್ಟಿದೆ: 11 ಮತ್ತು 13, 17 ಮತ್ತು 19, 71 ಮತ್ತು 73. ಇಸವಿಗಳಲ್ಲಿ 2027 ಮತ್ತು 2029 ಅಂಥ ಜೋಡಿ. ಆದರೆ 2029ರ ಮುಂದಿನ 2031 ಅವಿಭಾಜ್ಯವಲ್ಲ, 2027ರ ಹಿಂದಿನ 2025 ಕೂಡ ಅಲ್ಲ. 3, 5, 7 ಬಿಟ್ಟರೆ ಎರಡೆರಡರ ಅಂತರದಲ್ಲಿ ಮೂವರು ಅವಿಭಾಜ್ಯರು ಇನ್ನೆಲ್ಲಾದರೂ ಸಾಲಾಗಿ ಸಿಗುತ್ತಾರೆಯೇ? ಸಿಗುತ್ತಾರೆ ಎನ್ನುವವರು ತೋರಿಸಿ. ಸಿಗುವುದಿಲ್ಲ ಎನ್ನುವವರು ಏಕೆಂದು ಬರೆಯಿರಿ. ಸುಳಿವು ಬೇಕಾದರೆ 2025, 2027, 2029, 2031 ನಾಲ್ಕನ್ನೂ 3ರಿಂದ ಭಾಗಿಸಿ, ಶೇಷಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ.